ಭಂಡಾರದ ಹಳದಿ, ಪರದೆಯ ಹಳದಿ

ಮಂಗಸೂಳಿಯ ಹುಡುಗರಿಗೆ ಹಳದಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಮಲ್ಲಯ್ಯನ ಜಾತ್ರೆಯಲ್ಲಿ ಅರಿಶಿನ ಪುಡಿಯ ಭಂಡಾರ ಹಾರಿತೆಂದರೆ ಮೆಟ್ಟಿಲು, ಪಟಕಾ, ಹುಬ್ಬು, ಚಪ್ಪಲಿ ಎಲ್ಲಕ್ಕೂ ಒಂದೇ ಬಣ್ಣ. ಅಂಥ ಊರಿನ ವಿದ್ಯಾರ್ಥಿ ಆ್ಯನಿಮೇಷನ್ ಸಿನಿಮಾದ ಬಣ್ಣಕ್ಕೆ ಮರುಳಾದರೆ ಸೋಜಿಗವೇನು?

*

ಕೈ ಬಿಡುವಾಗ ಭಂಡಾರ ಮುಷ್ಟಿಯಷ್ಟೇ ಗಟ್ಟಿ. ತಲೆಯ ಮೇಲೆ ಹೋಗಿ ಒಡೆಯುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಬಿಸಿಲಲ್ಲಿ ತೆಳ್ಳಗಾಗುತ್ತ ಇಳಿಯುತ್ತದೆ. ಏರುವಾಗ ಅವಸರ, ಇಳಿಯುವಾಗ ಸಾವಕಾಶ. ಚಿತ್ರಕ್ಕೆ ಚಲನೆ ಕೊಡಲು ಕಲಿಯುವವರ ಮೊದಮೊದಲ ಪಾಠವೂ ಇದೇ: ವೇಗ ಬದಲಾಗುವ ರೀತಿಯಲ್ಲೇ ವಸ್ತುವಿನ ತೂಕ ಕಾಣುತ್ತದೆ.

*

ಹಿಡಿ ಪುಡಿ ತೂರುವುದು ನಮಗೆ ಬಿಟ್ಟಿ. 2013ರ ‘ಫ್ರೋಜನ್’ ಚಿತ್ರದ ಹಿಮ ನಂಬುವಂತೆ ಉದುರಲಿ ಎಂದು ಡಿಸ್ನಿಯವರು ಗಣಿತಜ್ಞರನ್ನು ಕೂಡಿಸಿಕೊಂಡು ಹೊಸ ಸಾಫ್ಟ್‌ವೇರನ್ನೇ ಬರೆಯಬೇಕಾಯಿತು.

*

ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೆ 12 ಚಿತ್ರ ಸಾಕು. ಶ್ರಮವೂ ದುಡ್ಡೂ ಉಳಿಯುತ್ತವೆ. 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ ಈ ಉಳಿತಾಯದ ಲೆಕ್ಕವನ್ನೇ ಕತೆಗೆ ದುಡಿಸಿಕೊಂಡಿತು. ಕಾಡಿನಲ್ಲಿ ಎಳೆ ಹಿಡಿದು ಜೀಕುವ ದೃಶ್ಯದಲ್ಲಿ ಪಳಗಿದ ಸ್ಪೈಡರ್‌ಮ್ಯಾನ್ ಪೀಟರನಿಗೆ ಸೆಕೆಂಡಿಗೆ 24 ಚಿತ್ರ, ಆಗಷ್ಟೇ ಕಲಿಯುತ್ತಿರುವ ಮೈಲ್ಸ್‌ಗೆ 12. ಹುಡುಗ ತಡವರಿಸುತ್ತಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಣ್ಣಿಗೆ ತಿಳಿದುಬಿಡುತ್ತದೆ. ಪರೀಕ್ಷೆಗೆ ಓದುತ್ತಿರುವವರಿಗೆ ಇದು ನಮಗಿಂತ ಬೇಗ ತಿಳಿಯುತ್ತದೆ.

*

ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ, ಖುಷಿಗೆ ಹಳದಿ. ಇಷ್ಟಕ್ಕೇ ನಿಂತಿದ್ದರೆ ‘ಇನ್‌ಸೈಡ್ ಔಟ್’ ಅಂಕಲಿಪಿಯಾಗುತ್ತಿತ್ತು. ಕೊನೆಗೆ ಒಂದೇ ನೆನಪಿನ ಗೋಲಿಯಲ್ಲಿ ಹಳದಿಯೂ ನೀಲಿಯೂ ಕೂಡಿದಾಗ ಸಿನಿಮಾ ಆಯಿತು.

*

ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಕಪ್ಪು ಆಕೃತಿಗಳಿಂದಲೇ ಪೂರ್ಣ ಉದ್ದದ ಸಿನಿಮಾ ಮಾಡಿದರು. ಜಗತ್ತು ಮೆಚ್ಚಿತು, ಮೆಚ್ಚಬೇಕಾದದ್ದೇ. ತೊಗಲನ್ನು ಬೆಳಕು ಹಾಯುವಷ್ಟು ಹೆರೆದು, ಬಣ್ಣ ಹಾಕಿ, ಹಿಂದೆ ದೀಪ ಇಟ್ಟು ಕುಣಿಸುತ್ತಿದ್ದ ನಮ್ಮ ಕಿಳ್ಳೇಕ್ಯಾತರ ಹೆಸರು ಮಾತ್ರ ಯಾವ ಆ್ಯನಿಮೇಷನ್ ತರಗತಿಯಲ್ಲೂ ಸಲೀಸಾಗಿ ಕೇಳಿಬರುವುದಿಲ್ಲ.

*

ಜಪಾನಿನ ನಿರ್ದೇಶಕ ಮಿಯಾಜಾಕಿಯ ‘ದ ವಿಂಡ್ ರೈಸಸ್’ ಚಿತ್ರದಲ್ಲಿ ಭೂಕಂಪದ ಹೊತ್ತಿನ ಜನಜಂಗುಳಿಯ ದೃಶ್ಯವೊಂದಿದೆ. ಪರದೆಯ ಮೇಲೆ 4 ಸೆಕೆಂಡು. ಬಿಡಿಸಲು ಹಿಡಿದದ್ದು ಒಂದು ವರ್ಷ ಮೂರು ತಿಂಗಳು. ಅಷ್ಟು ಯಾಕೆ ಬೇಕಾಯಿತು ಎನ್ನುವವರು ಜಾತ್ರೆಯಲ್ಲಿ ಒಂದು ಕಡೆ ನಿಂತು ನೋಡಬೇಕು. ಮಗುವನ್ನು ಹೆಗಲಿಗೇರಿಸಿದವನು ಹಿಮ್ಮಡಿ ಊರಿ ನಡೆಯುತ್ತಾನೆ. ಹಣೆಗೆ ಭಂಡಾರ ಹಚ್ಚಿಸಿಕೊಳ್ಳುವವಳು ಕಣ್ಣು ಮುಚ್ಚಿ ಕತ್ತು ಮುಂದೆ ಚಾಚುತ್ತಾಳೆ. ಚಪ್ಪಲಿ ಕಳಕೊಂಡವನ ಕಣ್ಣು ನೆಲದ ಮೇಲೇ. ಒಬ್ಬರ ನಡಿಗೆ ಇನ್ನೊಬ್ಬರಿಗೆ ಕೊಟ್ಟರೆ ಜಾತ್ರೆ ಸುಳ್ಳಾಗುತ್ತದೆ.

*

‘ಕಾರ್ಟೂನ್ ಸಣ್ಣ ಹುಡುಗರದು’ ಎನ್ನುತ್ತಿದ್ದ ಹಿರಿಯರೂ 2025ರಲ್ಲಿ ‘ಮಹಾವತಾರ ನರಸಿಂಹ’ ಬಂದಾಗ ಮೊಮ್ಮಕ್ಕಳ ಜೋಡಿ ಥೇಟರಿಗೆ ಹೋದರು. ಗೆದ್ದದ್ದು ಭಕ್ತಿಯೋ ಬಣ್ಣವೋ, ವಾದ ಬೇಡ. ಕನ್ನಡದಲ್ಲಿ ನೋಡಲು ಸಿಕ್ಕಿತು, ನನಗೆ ಅದು ದೊಡ್ಡದು.

*

ಮಾಸ್ತರೇ, ನೋಟ್‌ಬುಕ್ಕಿನ ಮೂಲೆಮೂಲೆಗೂ ಕಾರಹುಣ್ಣಿಮೆಯ ಎತ್ತು ಬಿಡಿಸಿದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಬೇಡಿ. ಹಾಳೆಗಳನ್ನು ಸರಸರ ಬಿಟ್ಟು ಎತ್ತು ಓಡುವುದನ್ನು ನೋಡಿ. ಕಾಲು ಎಲ್ಲಾದರೂ ತಪ್ಪಿದ್ದರೆ ತೋರಿಸಿ, ಇನ್ನೊಂದು ನೋಟ್‌ಬುಕ್ ಕೊಡಿಸಿ.