ಸಮಾಧಿಯ ಮುಂದೆ ತೀರ್ಪು ಬೇಡ, ಪ್ರಾರ್ಥನೆ ಇರಲಿ



ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮವರನ್ನು ನೆನೆಯುತ್ತೇವೆ. ಇದು ಒಳ್ಳೆಯ ಪದ್ಧತಿ. ಆದರೆ ಅದೇ ಸ್ಥಳದಲ್ಲಿ ಯಾರೂ ಬತ್ತಿ ಹಚ್ಚದ ಸಮಾಧಿಗಳೂ ಇರುತ್ತವೆ. “ಅವನು ಹೇಗೆ ಬಾಳಿದ, ಹೇಗೆ ಸತ್ತ ಅಂತ ಊರಿಗೇ ಗೊತ್ತು” ಎಂದು ಹೇಳಿ ಮುಂದೆ ಹೋಗುತ್ತೇವೆ. ಹಾಗೆ ಹೇಳುವ ಅಧಿಕಾರ ನಮಗಿದೆಯೇ?

ವ್ಯಾಸಂಗಕ್ಕಾಗಿ ನಾನು ಫ್ರಾನ್ಸ್ ದೇಶದಲ್ಲಿದ್ದಾಗ, ಸಹಪಾಠಿಗಳಾಗಿದ್ದ ವಿಯೆಟ್ನಾಮಿನ ಗುರುವೊಬ್ಬರು ಹಾಗೂ ಆಫ್ರಿಕಾದ ಕನ್ಯಾಸ್ತ್ರೀಯೊಬ್ಬರ ಜೊತೆ ಪ್ಯಾರಿಸ್ಸಿನ ಪೆರ್ ಲಾಶೇಸ್ ಸಮಾಧಿ ಸ್ಥಳವನ್ನು ನೋಡಲು ಹೋಗಿದ್ದೆ. ಹದಿನಾಲ್ಕನೆಯ ಲೂಯಿ ದೊರೆಯ ಪಾಪನಿವೇದನೆ ಕೇಳುತ್ತಿದ್ದ ಯೇಸುಸಭೆಯ ಗುರುವಿನ ಹೆಸರು ಅದಕ್ಕಿದೆ. 1804ರಲ್ಲಿ ಆರಂಭವಾದ ಅದು ಸುಮಾರು 44 ಹೆಕ್ಟೇರ್, ಅಂದರೆ 100 ಎಕರೆಗೂ ಹೆಚ್ಚು ವಿಸ್ತಾರವಾಗಿದೆ. ಕಲ್ಲು ಹಾಸಿದ ದಾರಿಗಳು, ಇಕ್ಕೆಲಗಳಲ್ಲಿ ಪುಟ್ಟ ಮನೆಗಳಂತಹ ಸಮಾಧಿಗಳು. ನಕಾಶೆ ಹಿಡಿದುಕೊಂಡು ನಾವೂ ಎಲ್ಲರಂತೆ ಹೆಸರಾಂತರನ್ನು ಹುಡುಕುತ್ತಾ ಹೊರಟೆವು.

ಮೊದಲು ಕಂಡದ್ದು ನಾಟಕಕಾರ ಮೊಲಿಯೇರರ ಸಮಾಧಿ. ಅವರು ತೀರಿಕೊಂಡದ್ದು 1673ರಲ್ಲಿ. ಆ ಕಾಲದಲ್ಲಿ ನಟನ ವೃತ್ತಿಯನ್ನು ಬಿಡುತ್ತೇನೆಂದು ಹೇಳದೆ ಸತ್ತವರಿಗೆ ಅಲ್ಲಿ ಕ್ರೈಸ್ತ ವಿಧಿಯಂತೆ ಮಣ್ಣು ಸಿಗುತ್ತಿರಲಿಲ್ಲ. ಅವರ ಪತ್ನಿ ದೊರೆಯಲ್ಲಿ ಬೇಡಿಕೊಂಡ ನಂತರವೇ, ರಾತ್ರಿ ಹೊತ್ತಿನಲ್ಲಿ, ಆಡಂಬರವಿಲ್ಲದೆ ಹೂಳಲು ಅಪ್ಪಣೆಯಾಯಿತು. ಮುಂದೆ ಪೆರ್ ಲಾಶೇಸ್ ಆರಂಭವಾದಾಗ ಊರಿನಿಂದ ದೂರವೆಂದು ಜನ ಅಲ್ಲಿಗೆ ಬರಲು ಹಿಂಜರಿದರು. ಅವರನ್ನು ಸೆಳೆಯುವುದಕ್ಕಾಗಿ 1817ರಲ್ಲಿ, ಮೊಲಿಯೇರರದೆಂದು ನಂಬಲಾದ ಎಲುಬುಗಳನ್ನು ಗೌರವದಿಂದ ಅಲ್ಲಿಗೆ ತಂದರು! ಅಂದು ಕತ್ತಲೆಯಲ್ಲಿ ಹೂಳಲ್ಪಟ್ಟವರು ಇಂದು ಆ ಸ್ಥಳದ ಹೆಮ್ಮೆ. ಮನುಷ್ಯರ ತೀರ್ಪು ಎಷ್ಟು ಅಸ್ಥಿರ ನೋಡಿ.

ಇನ್ನೊಂದೆಡೆ ಐರ್ಲೆಂಡಿನ ಸಾಹಿತಿ ಆಸ್ಕರ್ ವೈಲ್ಡರ ಸಮಾಧಿ. 1895ರಲ್ಲಿ ಅವರಿಗೆ ಎರಡು ವರ್ಷಗಳ ಕಠಿಣ ಸಜೆಯಾಯಿತು. ಹೊಗಳುತ್ತಿದ್ದ ಸಮಾಜವೇ ಅವರನ್ನು ಹೊರಗಿಟ್ಟಿತು. 1900ರ ನವೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ ಗೆಳೆಯನೊಬ್ಬ ಓಡಿಹೋಗಿ ಫಾದರ್ ಕತ್ಬರ್ಟ್ ಡನ್ ಎಂಬ ಗುರುಗಳನ್ನು ಕರೆತಂದ. ರೋಗಿಗೆ ಮಾತು ನಿಂತುಹೋಗಿತ್ತು. ಗುರುಗಳು ಅವರನ್ನು ಧರ್ಮಸಭೆಗೆ ಬರಮಾಡಿಕೊಂಡು ಪವಿತ್ರ ತೈಲ ಲೇಪಿಸಿದರು. ಮರುದಿನ ಅವರು ಪ್ರಾಣಬಿಟ್ಟರು. ಆ ಕೊನೆಯ ಗಳಿಗೆಯಲ್ಲಿ ಆ ಹೃದಯದಲ್ಲಿ ಏನು ನಡೆಯಿತೆಂದು ದೇವರೊಬ್ಬರೇ ಬಲ್ಲರು.

ಕಡೆಗೆ ನಾವು ಒಂದು ಗೋಡೆಯ ಬಳಿಗೆ ಬಂದೆವು. 1871ರ ಕಮ್ಯೂನ್ ದಂಗೆಯ ಸಮಯದಲ್ಲಿ ದಂಗೆಕೋರರು ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷ ದಾರ್ಬುವಾರನ್ನು ಒತ್ತೆಯಾಳಾಗಿ ಹಿಡಿದಿಟ್ಟು, ಮೇ 24ರಂದು ಗುಂಡಿಕ್ಕಿ ಕೊಂದರು. ನಾಲ್ಕೇ ದಿನಗಳ ನಂತರ, ಮೇ 28ರಂದು, ಸರ್ಕಾರಿ ಸೈನಿಕರು 147 ಮಂದಿ ದಂಗೆಕೋರರನ್ನು ಈ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. “ಇಲ್ಲಿ ಯಾರಿಗೋಸ್ಕರ ಪ್ರಾರ್ಥಿಸೋಣ?” ಎಂದು ನನ್ನ ಗುರುಮಿತ್ರರು ಕೇಳಿದರು. “ಇಬ್ಬರಿಗೂ” ಎಂದ ಆ ಸಿಸ್ಟರ್ ಶಿಲುಬೆಯ ಗುರುತು ಹಾಕಿದರು. ನಾವೂ ತಲೆಬಾಗಿದೆವು.

ಪ್ರಿಯರೇ, ಆ ಒಂದು ಮಾತಿಗೆ ಪವಿತ್ರ ಬೈಬಲಿನಲ್ಲೇ ಆಧಾರವಿದೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಓದಿ. ಯುದ್ಧದಲ್ಲಿ ಮಡಿದ ಯೋಧರನ್ನು ಹೂಳಲು ಹೋದಾಗ ಅವರ ಅಂಗಿಗಳೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕವು. ತಪ್ಪು ಕಣ್ಣೆದುರಿಗೇ ಇತ್ತು. ಆದರೂ ಯೂದನು ಅವರನ್ನು ತಳ್ಳಿಹಾಕಲಿಲ್ಲ. ಜನರಿಂದ ಹಣ ಕೂಡಿಸಿ, ಅವರ ಪಾಪಪರಿಹಾರಕ್ಕಾಗಿ ಬಲಿಯರ್ಪಿಸಲು ಜೆರುಸಲೇಮಿಗೆ ಕಳುಹಿಸಿದನು. ಮೃತರಿಗಾಗಿ ನಾವು ಬಲಿಪೂಜೆ ಒಪ್ಪಿಸುವುದಕ್ಕೆ ಧರ್ಮಸಭೆ ತೋರಿಸುವ ವಾಕ್ಯವೇ ಇದು. ಆ ಪ್ರಾರ್ಥನೆ ಸಂತರಿಗಾಗಿ ಅಲ್ಲ, ತಪ್ಪು ಮಾಡಿದವರಿಗಾಗಿ ಎಂಬುದನ್ನು ಮರೆಯಬೇಡಿ.

ಈ ಮಾತನ್ನು ವಿಶೇಷವಾಗಿ ಒಂದು ಬಗೆಯ ಕುಟುಂಬಗಳಿಗಾಗಿ ಹೇಳುತ್ತಿದ್ದೇನೆ. ಮಗನೋ ಮಗಳೋ ತನ್ನ ಜೀವವನ್ನು ತಾನೇ ತೆಗೆದುಕೊಂಡ ಮನೆಗಳವು. ಬುದ್ಧಿಪೂರ್ವಕವಾಗಿ ಹಾಗೆ ಸತ್ತವರಿಗೆ 1917ರ ಧರ್ಮಸಭೆಯ ಕಾನೂನು ಕ್ರೈಸ್ತ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಜೀವ ದೇವರ ಕೊಡುಗೆ, ಅದನ್ನು ಕಳೆಯುವ ಹಕ್ಕು ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮನೋವೇದನೆ, ಭಯ, ಮಾನಸಿಕ ಕಾಯಿಲೆಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು. ದೇವರು ತಮಗೆ ಮಾತ್ರ ತಿಳಿದ ಹಾದಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲರು, ಆದ್ದರಿಂದ ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಹೀಗಿದ್ದರೂ ಎಷ್ಟೋ ತಾಯಂದಿರು ಮಗನ ಹೆಸರಿನಲ್ಲಿ ಪೂಜೆ ಕೇಳಲು ನಾಚುತ್ತಾರೆ. ಅವರನ್ನು ಹಾಗೆ ನಾಚಿಸುವುದು ದೇವರಲ್ಲ, ನಮ್ಮ ನಾಲಿಗೆ. ಅಮ್ಮಾ, ನೀವು ಗುರುಮಠಕ್ಕೆ ಬನ್ನಿ. ನಿಮ್ಮ ಮಗನ ಹೆಸರನ್ನು ಬರೆಸಿ. ಎಲ್ಲರ ಹೆಸರಿನೊಂದಿಗೆ ಆ ಹೆಸರನ್ನೂ ಪೀಠದ ಮುಂದೆ ಓದಲಾಗುವುದು.

ಶಿಲುಬೆಯ ಮೇಲೆ ಯೇಸುಸ್ವಾಮಿ ಪರಂಧಾಮದ ವಾಗ್ದಾನ ಮಾಡಿದ್ದು ಒಬ್ಬ ಅಪರಾಧಿಗೆ, ಅದೂ ಅವನ ಕೊನೆಯ ಗಳಿಗೆಯಲ್ಲಿ. ಕೆಳಗೆ ನಿಂತಿದ್ದ ಜನ ಅವನ ಬಗ್ಗೆ ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು.

ಈ ತಿಂಗಳು ಸಮಾಧಿ ಸ್ಥಳಕ್ಕೆ ಹೋಗುವಾಗ ಮನೆಯಿಂದ ಒಂದು ಮೇಣದ ಬತ್ತಿ ಹೆಚ್ಚಾಗಿ ಕೊಂಡೊಯ್ಯಿರಿ. ಯಾರೂ ಹೋಗದ ಸಮಾಧಿಯ ಮುಂದೆ ಅದನ್ನು ಹಚ್ಚಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿರಿ. ಅದು ಯಾರ ಸಮಾಧಿ ಎಂದು ಮಕ್ಕಳು ಕೇಳಿದರೆ, “ನಮ್ಮವರೇ” ಎನ್ನಿರಿ.