ಗೋಡೆಗೇರಿದ ಅರಸರ ಗೇಲಿ

ಊಟ ಮುಗಿಸಿದ ಯುವರಾಜ ಕುರ್ಚಿಗೆ ಒರಗಿದ್ದಾನೆ. ಹೊಟ್ಟೆಯ ಬಿಗಿತಕ್ಕೆ ಅಂಗಿಯ ಗುಂಡಿ ಈಗಲೋ ಆಗಲೋ ಕಿತ್ತುಬರುವಂತಿದೆ. ಫೋರ್ಕಿನಿಂದ ಹಲ್ಲು ಕೆದಕುತ್ತಿದ್ದಾನೆ. ಹಿಂದೆ ತುಂಬಿ ತುಳುಕುವ ಮೂತ್ರದ ಪಾತ್ರೆ, ಅದರಡಿ ತೀರಿಸದ ಬಿಲ್ಲುಗಳು. ಮುಂದೆ ನಾಲ್ಕನೇ ಜಾರ್ಜ್ ದೊರೆಯಾದವನನ್ನು ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ 1792ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದದ್ದು ಹೀಗೆ. ಈಗ ಇಂಥ ಚಿತ್ರಗಳು ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚಾಗಿ ಮನೆಯ ಅಲಂಕಾರದ ಸಾಮಾನಾಗಿ ಮಾರಾಟವಾಗುತ್ತವೆ. ಬಸವಣ್ಣನ ಪಟ, ಔರಾದಿನ ಅಮರೇಶ್ವರನ ಪಟ, ಮಕ್ಕಾ ಮದೀನಾದ ಚಿತ್ರ ಇರುವ ನಮ್ಮ ಬೀದರಿನ ಕಡೆಯ ಪಡಸಾಲೆಗಳ ಗೋಡೆಯಲ್ಲಿ ಅರಸನ ಗೇಲಿಗೆ ಜಾಗ ಉಂಟೇ? ಇದನ್ನು ಬರೀ ಅಭಿರುಚಿಯ ಮಾತೆಂದು ತಳ್ಳಿಹಾಕಲಾಗದು. ಗೋಡೆಗೆ ಏರಿಸಿದ್ದನ್ನು ದಿನವೂ ತಲೆಯೆತ್ತಿ ನೋಡುತ್ತೇವೆ, ಮಕ್ಕಳು ಅದರ ಕೆಳಗೇ ಬೆಳೆಯುತ್ತಾರೆ. ಹಾಗಾಗಿ ಇದು ಧರ್ಮದ ಪ್ರಶ್ನೆ. ಜಾಗ ಉಂಟು ಎಂಬುದೇ ನನ್ನ ವಾದ. ಆದರೆ ಸತ್ತ ಅರಸನನ್ನು ನೋಡಿ ನಗುವ ಯಜಮಾನ ಆ ನಗುವನ್ನು ತನ್ನ ಮನೆಯೊಳಗಿನ ಅರಸೊತ್ತಿಗೆಯ ಮೇಲೂ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ಚಿತ್ರ ಅವನ ದೌಲತ್ತಿನ ಇನ್ನೊಂದು ಗುರುತು, ಅಷ್ಟೆ.

ಅರಸರ ಗೇಲಿ ಬೀದರಿಗೆ ಹೊಸದೇನಲ್ಲ. 1458ರಿಂದ 1461ರವರೆಗೆ ಆಳಿದ ಬಹಮನಿ ಸುಲ್ತಾನ ಹುಮಾಯೂನನನ್ನು ಚರಿತ್ರೆಕಾರರು ಕ್ರೂರಿ ಎಂದೇ ಕರೆದರು. ಅವನು ಸತ್ತಾಗ ನಝೀರಿ ಎಂಬ ಪಾರಸಿ ಕವಿ ಸಾವಿನ ವರ್ಷ ಹೇಳುವ ಪದ್ಯ ಕಟ್ಟಿದ. ಅರಸರ ಮರಣಕ್ಕೆ ಅಂಥ ಪದ್ಯ ಬರೆಯುವುದು ಆಗಿನ ರೂಢಿ, ಶೋಕದ ಶಬ್ದಗಳನ್ನು ಹುಡುಕುವುದೂ ರೂಢಿ. ನಝೀರಿ ಹುಡುಕಿದ್ದು ಲೋಕಕ್ಕೆಲ್ಲ ಆದ ಆನಂದವನ್ನು ಸಾರುವ ಶಬ್ದಗಳನ್ನು. ಅವುಗಳ ಅಕ್ಷರದ ಬೆಲೆಗಳನ್ನು ಕೂಡಿದರೆ ಹಿಜರಿ 865 ಬರುತ್ತದೆ. ಸತ್ತ ಮೇಲೆ ಬರೆದದ್ದರಲ್ಲಿ ಧೈರ್ಯವೇನು ಬಂತು ಎನ್ನಬಹುದು. ಆದರೆ ಆಗ ಪಟ್ಟದಲ್ಲಿದ್ದವನು ಹುಮಾಯೂನನ ಮಗನೇ, ಎಂಟು ವರ್ಷದ ನಿಜಾಮ್ ಷಾ. ಆ ವಂಶದ ಕತ್ತಿ ಇನ್ನೂ ಒರೆ ಸೇರಿರಲಿಲ್ಲ. ಬೀದರಿನ ಹತ್ತಿರದ ಅಷ್ಟೂರಿಗೆ ಹೋದರೆ ಹುಮಾಯೂನನ ಗೋರಿಯ ಗುಮ್ಮಟ ಸೀಳಿ ಅರ್ಧ ಮಾತ್ರ ನಿಂತಿರುವುದು ಕಾಣುತ್ತದೆ. ಸಿಡಿಲು ಬಡಿದದ್ದು ಪಾಪದ ಫಲ ಎಂದು ಜನ ಹೇಳುತ್ತಾರೆ. ಅದೇ ಸಾಲಿನಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿ ಮಲಗಿದ್ದಾನೆ. ಅವನ ಉರುಸಿಗೆ ಜಂಗಮರು ಬರುತ್ತಾರೆ, ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ಹಿಂದೂಗಳಿದ್ದಾರೆ. ಒಂದೇ ವಂಶದ ಇಬ್ಬರು ಅರಸರಲ್ಲಿ ಒಬ್ಬನಿಗೆ ಹೂವು, ಇನ್ನೊಬ್ಬನಿಗೆ ಶಾಪ. ಪಟ್ಟವನ್ನೂ ಮನುಷ್ಯನನ್ನೂ ಬೇರೆ ಮಾಡಿ ತೂಗುವ ವಿವೇಕ ಈ ನೆಲದ ಜನಕ್ಕೆ ಮೊದಲಿನಿಂದಲೂ ಇದೆ.

ಚಿತ್ರ ಚೆಂದ ಇದೆ, ಹಾಕಿಕೊಂಡಿದ್ದೇವೆ, ಇಷ್ಟೆಲ್ಲ ಯೋಚನೆ ಯಾಕೆ ಎಂಬ ಆಕ್ಷೇಪ ಬರುತ್ತದೆ. ಗೇಲಿಯನ್ನು ಚೆಂದದ ವಸ್ತುವಾಗಿಸುವುದು ಏನು ಮಾಡುತ್ತದೆಂದು ಅರಸರೇ ಚೆನ್ನಾಗಿ ಬಲ್ಲವರಾಗಿದ್ದರು. 1820ರಲ್ಲಿ ಇದೇ ಜಾರ್ಜ್ ದೊರೆಯ ಕಡೆಯವರು ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರುಕ್‌ಷಾಂಕ್‌ಗೆ 100 ಪೌಂಡ್ ಕೊಟ್ಟು, ಅರಸನನ್ನು ಅಸಭ್ಯವಾಗಿ ಚಿತ್ರಿಸುವುದಿಲ್ಲವೆಂದು ಮಾತು ಪಡೆದರು. ವಿಂಡ್ಸರ್ ಅರಮನೆಯ ಗ್ರಂಥಾಲಯದಲ್ಲಿ ಇಂಥ ಸಾವಿರಾರು ಚಿತ್ರಗಳು ಕೂಡಿದ್ದವು. 1921ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಸಂಗ್ರಹವನ್ನು ಕೊಂಡುಕೊಂಡಿತು. ಗಿಲ್ರೇ ಕೂಡ 1797ರಿಂದ ಸರ್ಕಾರದ ಪಿಂಚಣಿ ತಿಂದವನೇ. ಫ್ರಾನ್ಸಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಬಡವರು ಹೊತ್ತು ತಂದ ಹಣವನ್ನು ನುಂಗುವ ರಾಕ್ಷಸನಂತೆ ಲೂಯಿ ಫಿಲಿಪ್ ದೊರೆಯನ್ನು ಬರೆದ ಚಿತ್ರಕಾರ ಒನೊರೆ ದೊಮಿಯೆ 1832ರಲ್ಲಿ ಜೈಲಿಗೆ ಹೋದ. ಇವೆರಡು ಬಗೆಯ ಚಿತ್ರಗಳೂ ಇವತ್ತು ಒಂದೇ ತಗಡಿನ ಮೇಲೆ ಒಂದೇ ಹೊಳಪಿನಲ್ಲಿ ಬರುತ್ತವೆ. ಯಾವುದರ ಹಿಂದೆ ಪಿಂಚಣಿಯಿತ್ತು, ಯಾವುದರ ಹಿಂದೆ ಸೆರೆಮನೆಯಿತ್ತು ಎಂದು ತಗಡು ಹೇಳುವುದಿಲ್ಲ. ಮನೆಯವರೇ ತಿಳಿದು ಹೇಳಬೇಕು.

ಬೆಲೆ ತೆರುವುದು ಎಂದರೇನೆಂದು ನಮ್ಮ ಜಿಲ್ಲೆಯ ಭಾಲ್ಕಿಯವರಿಗೆ ವಿವರಿಸಬೇಕಿಲ್ಲ. ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಗೋಡೆಯ ಹೊರಮೈಗೆ ಏನು ಹಾಕುತ್ತೇವೆ ಎಂಬುದೇ ಅಪಾಯವಾಗಿದ್ದ ಕಾಲ ಅದು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಈಗ ನಿಜಾಮನನ್ನೋ ಜಾರ್ಜನನ್ನೋ ಗೇಲಿ ಮಾಡಿ ಗೋಡೆಗೆ ಹಾಕಿದರೆ ಯಾರೂ ಬಂದು ಕೇಳುವುದಿಲ್ಲ. ಈ ನಿರ್ಭಯವನ್ನು ನಾವು ಗಳಿಸಿದ್ದಲ್ಲ, ಬೇರೆಯವರು ಗಳಿಸಿ ಕೊಟ್ಟದ್ದು. ಅಂಥ ಸೊತ್ತನ್ನು ಬಳಸುವಾಗ ಒಂದಿಷ್ಟು ಸಂಕೋಚ ಇರಬೇಕು.

ನಗು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೂ ನೋಡಬೇಕು. 1791ರಲ್ಲಿ ಮಳೆ ಹಿಡಿದು, ದಿನಸಿ ಮುಗಿದು ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆ ಸರಿದಾಗ, ಗಿಲ್ರೇ ತನ್ನ ಚಿತ್ರದಲ್ಲಿ ಟಿಪ್ಪುವನ್ನು ಕೋಟೆಯ ಗೋಡೆಯ ಮೇಲೆ ನಿಲ್ಲಿಸಿ, ಓಡುವ ಸೇನಾಪತಿಯ ಮೇಲೆ ಮೂತ್ರ ಸುರಿಸಿದ. ಅಲ್ಲಿ ಒಬ್ಬ ಇಂಗ್ಲಿಷಿನವನು ತನ್ನ ದೇಶದ ದೊಡ್ಡವನನ್ನೇ ನೋಡಿ ನಗುತ್ತಿದ್ದಾನೆ. ಗೆದ್ದವರು ಸೋತವರ ಪೇಟ, ಮೈಬಣ್ಣ, ಪೂಜೆಗಳನ್ನು ಆಡಿಕೊಂಡು ನಕ್ಕರೆ ಅದು ಬೇರೆಯೇ ಜಾತಿಯ ನಗು. ಎಷ್ಟೇ ಕುಶಲವಾಗಿ ಬರೆದಿದ್ದರೂ ಅದನ್ನು ನಮ್ಮ ಗೋಡೆಗೆ ಹಾಕಬಾರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಧರ್ಮದ ಕಡೆಯಿಂದಲೇ ಬರುತ್ತದೆ: ಯಾರನ್ನೂ ಹೀಯಾಳಿಸಬಾರದು. ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡದಿರಲಿ, ಅವರೇ ಇವರಿಗಿಂತ ಮೇಲಾಗಿರಬಹುದು ಎಂದು ಕುರಾನ್ ಎಚ್ಚರಿಸುತ್ತದೆ. ಶರಣರೂ ಪರನಿಂದೆಯನ್ನು ಒಲ್ಲೆನೆಂದವರು. ಹಾಗಿದ್ದೂ ವಚನಗಳಲ್ಲಿ ಚುಚ್ಚು ಮಾತು ಕಡಿಮೆಯಿಲ್ಲ. ಇದು ಹೇಗೆ? ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣ ಲೋಕದ ಡೊಂಕನ್ನು ಬೈಯುವ ಮೊದಲು ತನ್ನ ಮನಸ್ಸನ್ನೇ ಕಟಕಟೆಗೆ ನಿಲ್ಲಿಸಿಕೊಂಡ. ತಾನು ಎಲ್ಲರಿಗಿಂತ ಕಿರಿಯ ಎಂದ ಮೇಲೆ ಬಂದ ಮಾತಿಗೆ ಬೇರೆ ತೂಕವಿರುತ್ತದೆ. ತಾನು ಹೊರಗೆ ನಿಂತು ಮಾಡುವ ಅಪಹಾಸ್ಯವನ್ನು ಧರ್ಮ ತಡೆಯುತ್ತದೆ, ತನ್ನನ್ನೂ ಸೇರಿಸಿಕೊಂಡ ಗೇಲಿಯನ್ನಲ್ಲ. ತಟ್ಟೆಯಲ್ಲಿ ಮಿಕ್ಕಿದ್ದನ್ನು ಎಸೆಯುವ, ಕೂಲಿಯ ಲೆಕ್ಕ ಮುಂದೂಡುವ, ಸೊಸೆಯ ಮಾತಿಗೆ ಕಿವಿಗೊಡದ ಯಜಮಾನನಿಗೂ ಜಾರ್ಜನಿಗೂ ಇರುವ ಅಂತರ ಹೊಟ್ಟೆಯ ಗಾತ್ರದ್ದು ಮಾತ್ರ.

ಲಂಡನ್ನಿನ ಚಿತ್ರವೇ ಆಗಬೇಕೆಂದೂ ಇಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳು ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ನೀರಿನಲ್ಲಿ ಕಾಯಿಸಿದರೆ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಶತಮಾನಗಳ ಕಾಲ ಈ ಕೈಗಳು ನವಾಬರಿಗೆ ಹುಕ್ಕಾ, ಪಾನದಾನ ಮಾಡಿಕೊಟ್ಟಿವೆ. ಅದೇ ಕೈಗಳಿಗೆ ಹೇಳಿ ಒಂದು ಕಪ್ಪು ತಟ್ಟೆಯ ಮೇಲೆ 865 ಎಂಬ ಮೂರು ಅಂಕೆಗಳನ್ನು ಬೆಳ್ಳಿಯಲ್ಲಿ ಕೂರಿಸಿ, ಊಟದ ಕೋಣೆಯಲ್ಲಿ ಯಜಮಾನನ ಎದುರಿಗೇ ಹಾಕಬಹುದು. ಬಂದ ನೆಂಟರು ಇದೇನೆಂದು ಕೇಳಿದಾಗ ಹುಮಾಯೂನನ ಕತೆಯನ್ನು ಪೂರ್ತಿ ಹೇಳಬೇಕಾಗುತ್ತದೆ, ಮನೆಯ ಹೆಂಗಸರು ಮಕ್ಕಳು ಕೇಳುತ್ತಿರುವಾಗಲೇ.