ಅಜ್ಜ ಹೇಳದೆ ಬಿಟ್ಟದ್ದು

ಹಿರಿಯರು ತೀರಿಕೊಂಡಾಗ ಬರೆಯುವ ಮಾತುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊಮ್ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದರು, ದೈವಭಕ್ತರು, ಸೈನ್ಯದಲ್ಲಿದ್ದು ದೇಶಸೇವೆ ಮಾಡಿದವರು. ಕ್ರೈಸ್ತ ಮನೆತನವಾದರೆ, ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ ಎಂಬ ಮಾತು ಸೇರುತ್ತದೆ. ಊರು ಬಿಟ್ಟು ಮುಂಬೈಯಲ್ಲೋ ಪುಣೆಯಲ್ಲೋ ಇರುವ ನಮಗೆ ಇವು ವಾಟ್ಸಾಪ್‌ನಲ್ಲಿ ಬರುತ್ತವೆ. ಕೈಮುಗಿದ ಚಿತ್ರವೊಂದನ್ನು ಹಾಕಿ ಕೆಲಸಕ್ಕೆ ಮರಳುತ್ತೇವೆ. ಆ ಮಾತುಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಸತ್ತವರನ್ನು ನೆನೆಯುವುದೆಂದರೆ ಅವರನ್ನು ಹೊಗಳುವುದಷ್ಟೇ ಏನು? ಅವರು ತಮ್ಮ ಬದುಕನ್ನು ತಾವು ಹೇಗೆ ಕಂಡಿದ್ದರು ಎಂಬುದಕ್ಕೆ ನಮ್ಮ ನೆನಪಿನಲ್ಲಿ ಜಾಗ ಬೇಡವೇ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ನೆನಪಾಗುತ್ತಾರೆ. 1898ರಲ್ಲಿ ಹುಟ್ಟಿದ ಅವರು ಕೊಳಾಯಿ ಕೆಲಸದವರು. ಕಡ್ಡಾಯ ಸೇನಾಭರ್ತಿಯಲ್ಲಿ ಮೊದಲ ಮಹಾಯುದ್ಧಕ್ಕೆ ಹೋದರು. 1917ರಲ್ಲಿ ಬೆಲ್ಜಿಯಂನ ಪ್ಯಾಶನ್‌ಡೇಲ್ ಕದನದ ಕೆಸರಿನಲ್ಲಿ ಲೂಯಿಸ್ ಮೆಷಿನ್ ಗನ್ ನಡೆಸುವ ಐವರ ತಂಡದಲ್ಲಿದ್ದರು. ಸಾಧ್ಯವಾದಷ್ಟು ಯಾರನ್ನೂ ಕೊಲ್ಲಬಾರದು, ಕಾಲಿಗೆ ಗುಂಡು ಹಾರಿಸಬೇಕು ಎಂದು ಆ ಐವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಆ ವರ್ಷದ ಸೆಪ್ಟೆಂಬರ್ 22ರ ರಾತ್ರಿ ಸಿಡಿದ ಒಂದು ಶೆಲ್ಲಿಗೆ ಮೂವರು ಗೆಳೆಯರು ಸತ್ತರು, ಪ್ಯಾಚ್ ಗಾಯಗೊಂಡರು. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಮದುವೆಯಾದರು, ಮಕ್ಕಳಾದರು, ಮತ್ತೆ ಕೊಳಾಯಿ ಕೆಲಸ ಹಿಡಿದರು. ಯುದ್ಧದ ಮಾತನ್ನು ಮಾತ್ರ ಹೆಂಡತಿಯ ಮುಂದೆಯೂ ಎತ್ತಲಿಲ್ಲ. ಬಾಯಿ ಬಿಟ್ಟದ್ದು ನೂರು ತುಂಬಿದ ಮೇಲೆ.

ಆಗ ಅವರು ಹೇಳಿದ್ದು ನಮ್ಮ ಸಿದ್ಧ ಮಾತುಗಳ ಅಳತೆಗೆ ಒಗ್ಗುವಂಥದ್ದಲ್ಲ. ಯೋಧನೆಂಬ ಹೆಮ್ಮೆಯ ಬದಲು, ಯುದ್ಧವೆಂದರೆ ಬರೀ ಕೊಲೆ ಎಂಬ ತೀರ್ಮಾನವಿತ್ತು. ಅಧಿಕೃತ ಸ್ಮರಣೆಯ ದಿನಕ್ಕಿಂತ ಗೆಳೆಯರು ಸತ್ತ ಸೆಪ್ಟೆಂಬರ್ 22 ಅವರಿಗೆ ನಿಜವಾದ ಸ್ಮರಣೆಯ ದಿನವಾಗಿತ್ತು. ಕಳೆದುಹೋದ ನಂಬಿಕೆ ಮರಳಿ ಬಂದೀತೆಂದು ಚರ್ಚಿನ ಗಾಯನವೃಂದ ಸೇರಿದ್ದರು. ಹಾಡು ಹಿಡಿಸಿತು, ಸ್ನೇಹಿತರು ಸಿಕ್ಕರು, ನಂಬಿಕೆ ಮಾತ್ರ ಬರಲಿಲ್ಲ. ಹಾಗಿದ್ದೂ ಒಂದು ಘಟನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮೈ ಸೀಳಿಹೋಗಿದ್ದ ಸೈನಿಕನೊಬ್ಬ, ಗುಂಡಿಟ್ಟು ನೋವು ಮುಗಿಸಿ ಎಂದು ಬೇಡಿದ್ದ. ಇವರು ಪಿಸ್ತೂಲು ತೆಗೆಯುವ ಮೊದಲೇ ಅಮ್ಮ ಎಂದು ಕರೆದು ಸತ್ತ. ಆ ದನಿಯಲ್ಲಿ ನೋವಿರಲಿಲ್ಲ, ಎದುರಿಗೆ ಯಾರನ್ನೋ ಕಂಡ ಬೆರಗಿತ್ತು ಎಂದು ಪ್ಯಾಚ್ ನೆನೆಸಿಕೊಳ್ಳುತ್ತಿದ್ದರು. ಸಾವೇ ಕೊನೆಯಲ್ಲ ಎಂದು ಅವರಿಗೆ ಅನ್ನಿಸಿದ್ದು ಅಲ್ಲಿ, ಶವಗಳ ನಡುವೆ. ಚರ್ಚಿಗೆ ಹೋಗುತ್ತಿದ್ದರು ಎಂದಷ್ಟೇ ಬರೆದರೆ ಇದೆಲ್ಲ ಎಲ್ಲಿ ಹೋಯಿತು?

ಎಂಬತ್ತು ವರ್ಷ ಮುಚ್ಚಿಟ್ಟದ್ದನ್ನು ಕೆದಕುವುದು ತಪ್ಪಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಎಷ್ಟೋ ಅಜ್ಜಂದಿರು ಸುಮ್ಮನಿರುವುದು ಮನೆಯವರ ನೆಮ್ಮದಿಗಾಗಿ. ಅದೂ ಒಂದು ಬಗೆಯ ಪ್ರೀತಿಯೇ. ಆದರೆ ಕೇಳುವುದು ಬೇರೆ, ಒತ್ತಾಯಿಸುವುದು ಬೇರೆ. ಕೇಳಿದರೆ ಹೇಳುವ, ಹೇಳದಿರುವ ಎರಡೂ ಹಕ್ಕು ಅವರಲ್ಲೇ ಉಳಿಯುತ್ತವೆ. ಅವರು ಬಾಯಿ ಬಿಡದೆ ಹೋದ ಮೇಲೆ ಆ ಮೌನದೊಳಗೆ ನಮ್ಮ ಹೆಮ್ಮೆಯನ್ನು ತುಂಬಿ, ಅದನ್ನೇ ಅವರ ಬದುಕೆಂದು ಹೇಳಿಕೊಂಡು ತಿರುಗುವುದು ನನಗೆ ಹೆಚ್ಚಿನ ಅನ್ಯಾಯವಾಗಿ ಕಾಣುತ್ತದೆ. ಬದುಕಿದ್ದವರು ತಿದ್ದಬಲ್ಲರು. ಸತ್ತವರು ತಿದ್ದಲಾರರು.

ದೆಹಲಿಯಲ್ಲಿರುವ ಓದುಗರು ತೀನ್‌ಮೂರ್ತಿ ವೃತ್ತವನ್ನು ದಿನವೂ ದಾಟುತ್ತಿರಬಹುದು. ಅಲ್ಲಿ ನಿಂತಿರುವ ಮೂವರು ಕಂಚಿನ ಸೈನಿಕರು ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನ ಲ್ಯಾನ್ಸರ್ ಪಡೆಗಳಿಗೆ ಒಬ್ಬೊಬ್ಬರಂತೆ. ಪ್ಯಾಚ್ ಹೋಗಿದ್ದ ಅದೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರಿನ ಕುದುರೆ ಸವಾರರು ಜೋಧಪುರದವರ ಜತೆ ಹೈಫಾ ಪಟ್ಟಣವನ್ನು ಗೆದ್ದರು. ಗೆಲುವು ದಾಖಲಾಗಿದೆ. ತಿರುಗಿ ಬಂದ ಸವಾರ ಮನೆಯ ಜಗಲಿಯಲ್ಲಿ ಕೂತು ಏನು ಹೇಳಿದ, ಏನು ಹೇಳದೆ ಬಿಟ್ಟ ಎಂಬುದನ್ನು ಕಂಚು ಹೇಳಲಾರದು.

2009ರಲ್ಲಿ, 111ನೆಯ ವಯಸ್ಸಿನಲ್ಲಿ, ಪ್ಯಾಚ್ ತೀರಿಕೊಂಡರು. ವೆಲ್ಸ್ ಕೆಥೆಡ್ರಲಿನಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ, ಅವರ ಇಚ್ಛೆಯಂತೆ, ಯಾರೂ ಆಯುಧ ತರಲಿಲ್ಲ. ಮರ್ಯಾದೆಗೆಂದು ಹಿಡಿಯುವ ಕತ್ತಿಯೂ ಇರಲಿಲ್ಲ. ಶವಪೆಟ್ಟಿಗೆಯ ಜತೆ ಬೆಲ್ಜಿಯಂ, ಫ್ರಾನ್ಸ್ ದೇಶಗಳ ಸೈನಿಕರೊಂದಿಗೆ ಜರ್ಮನಿಯ ಸೈನಿಕರೂ ನಡೆದರು. ಬಾಯಿ ಬಿಟ್ಟು ಹೇಳಿದ್ದರಿಂದಲೇ ಅವರನ್ನು ಅವರಿಗೆ ಬೇಕಾದಂತೆ ಕಳಿಸಿಕೊಡಲು ಸಾಧ್ಯವಾಯಿತು.

ಎರಡು ದಿನದ ರಜೆಗೆ ಊರಿಗೆ ಹೋದಾಗ ನಾವು ಅಜ್ಜನನ್ನು ಕೇಳುವುದು ಬಿಪಿ ಮಾತ್ರೆ ತಗೊಂಡ್ರಾ, ಊಟ ಆಯ್ತಾ ಎಂದು. ಅದರ ಜತೆಗೆ ಇನ್ನೊಂದು ಮಾತು ಕೇಳಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತರೆ ಸಾಕು. ಅವರು ಹೇಳಿದ್ದು ನಮಗೆ ಹಿತವಾಗದೇ ಇರಬಹುದು. ಮುಂದೊಂದು ದಿನ ಅವರ ಬಗ್ಗೆ ನಾಲ್ಕು ಸಾಲು ಬರೆಯುವಾಗ ಅದರಲ್ಲಿ ಒಂದಾದರೂ ಅವರದ್ದಾಗಿರುತ್ತದೆ.